ಏಳನೆಯ ಗುಂಡಿ

ಕಣಿವೆ ಪಡೆಯ ಕೋಟು ಹೊಲಿಯುವುದು ಬೇರೆ ಕೋಟು ಹೊಲಿದಷ್ಟು ಸುಲಭವಲ್ಲ. ಬಟ್ಟೆ ಗಟ್ಟಿ, ಸೂಜಿ ಮುರಿಯುತ್ತದೆ. ಆದರೆ ಕಷ್ಟ ಅದಲ್ಲ. ಯಾವ ದರ್ಜಿಯಾದರೂ ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟೇ ಬಿಡುತ್ತಾನೆ. ನಾಳೆ ಮೈ ತುಂಬಿಕೊಳ್ಳಬಹುದು, ಮದುವೆ ಆಗಬಹುದು, ಬಸಿರಾಗಬಹುದು, ಆಗ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಅಂತ. ಕಣಿವೆಯವರ ಕೋಟಿಗೆ ಹಾಗೆ ಬಿಡುವಂತಿಲ್ಲ. ಇದ್ದ ಅಳತೆಗೆ ಇದ್ದ ಹಾಗೆ ಕತ್ತರಿಸಿ ಮುಗಿಸಬೇಕು. ಮೊದಮೊದಲು ನನ್ನ ಕತ್ತರಿ ತಾನಾಗಿಯೇ ಎರಡು ಬೆರಳು ಆಚೆಗೆ ಹೋಗುತ್ತಿತ್ತು. ಆಮೇಲೆ ರೂಢಿಯಾಯಿತು. ಮೂವತ್ತೊಂದು ವರ್ಷದಲ್ಲಿ ಯಾವುದು ತಾನೇ ರೂಢಿಯಾಗುವುದಿಲ್ಲ.

ನಮ್ಮ ಊರಿಂದ ಎರಡು ದಿನದ ದಾರಿಯಲ್ಲಿದೆ ಆ ಕಣಿವೆ. ಆಚೆ ನಾಡಿಗೂ ಈಚೆ ನಾಡಿಗೂ ಇರುವುದು ಅದೊಂದೇ ರಸ್ತೆ. ದರೋಡೆಯವರ ಕಾಟ ಇದ್ದೇ ಇದೆ. ಬಸ್ಸು ಲಾರಿಗಳನ್ನು ಕಾಯುವ ಈ ಪಡೆಯಲ್ಲಿ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಯಾರಿಗೂ ಮದುವೆ ಇಲ್ಲ, ಮಕ್ಕಳಿಲ್ಲ, ಸ್ವಂತದ್ದು ಅಂತ ಒಂದು ಒಲೆಯೂ ಇಲ್ಲ. ಒಮ್ಮೆ ಹೋದವರು ಊರ ಕಡೆ ತಿರುಗಿ ಬರುವುದಿಲ್ಲ, ಕಾಗದವನ್ನೂ ಬರೆಯುವುದಿಲ್ಲ. ಮನೆಯಲ್ಲಿ ಯಾರೋ ದಾರಿ ಕಾಯುತ್ತಿದ್ದಾರೆ ಅಂತ ನೆನಪಾದರೆ ಹೊಡೆದಾಟದ ಹೊತ್ತಿಗೆ ಕೈ ನಡುಗುತ್ತದಂತೆ.

ಇಂಥ ಪಡೆಗೆ ಜನ ಎಲ್ಲಿಂದ ಬರುತ್ತಾರೆ ಅಂತ ಪರವೂರಿನವರು ಕೇಳುತ್ತಾರೆ. ನನ್ನ ಅಂಗಡಿಯಿಂದಲೇ ಬರುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಪಡೆಯ ಹಿರಿಯ ಹೆಂಗಸೊಬ್ಬರು ಬಂದು ನನ್ನ ಅಂಗಡಿಯ ಒಳಕೋಣೆಯಲ್ಲಿ ವಾರಗಟ್ಟಲೆ ಕೂರುತ್ತಾರೆ. ಎಡಗೈಯಲ್ಲಿ ಎರಡು ಬೆರಳಿಲ್ಲ, ಆದರೂ ಟೇಪು ಹಿಡಿದು ಅಳತೆ ತೆಗೆಯುವುದರಲ್ಲಿ ನನಗಿಂತ ಚುರುಕು. ಊರವರು ಅವರನ್ನು ಅಳತೆಯಕ್ಕ ಅನ್ನುತ್ತಾರೆ. ಡಂಗುರವಿಲ್ಲ, ಭಾಷಣವಿಲ್ಲ. ಬಂದವರನ್ನು ಕೂರಿಸಿಕೊಂಡು ಬೇಡ ಅನ್ನಿಸುವುದಕ್ಕೇ ನೋಡುತ್ತಾರೆ. ಪ್ರೀತಿ ಮುರಿದುಬಿದ್ದು ಬಂದವರಿಗೆ ಒಂದು ಲೋಟ ನೀರು ಕೊಟ್ಟು, ಒಬ್ಬರ ಮೇಲಿನ ಸಿಟ್ಟಿಗೆ ಮದುವೆ ಬೇಡ ಅನ್ನೋರು ನಮಗೆ ಬೇಡ, ಸಿಟ್ಟು ಆರು ತಿಂಗಳಿಗೆ ಇಳಿದುಹೋಗುತ್ತೆ, ಅಂತ ವಾಪಸ್ಸು ಕಳಿಸುತ್ತಾರೆ. ಹತ್ತು ಜನ ಬಂದರೆ ಎಂಟು ಜನ ಹೀಗೇ ಎದ್ದು ಹೋಗುತ್ತಾರೆ. ಉಳಿದ ಇಬ್ಬರ ಅಳತೆ ಚೀಟಿ ನನ್ನ ಮೇಜಿಗೆ ಬರುತ್ತದೆ. ಚೀಟಿಯಲ್ಲಿ ಹೆಸರಿರುವುದಿಲ್ಲ, ನಂಬರು ಮಾತ್ರ.

ಕಪ್ಪು ಕೋಟು, ಏಳು ಕಾಜ. ಗುಂಡಿ ಮಾತ್ರ ಆರು. ಕೊರಳ ಹತ್ತಿರದ ಏಳನೆಯದನ್ನು ನಾನು ಹೊಲಿಯುವ ಹಾಗಿಲ್ಲ. ಕೋಟು ಮನೆಗೆ ಹೋಗುತ್ತದೆ, ಮೂವತ್ತು ದಿನ ಮನೆಯಲ್ಲಿ ನೇತಾಡುತ್ತದೆ. ಅಷ್ಟರಲ್ಲಿ ಮನೆಯವರು ಯಾರಾದರೂ ತಮ್ಮ ಕೈಯಾರೆ ಒಂದು ಗುಂಡಿ ಹುಡುಕಿ ಹೊಲಿಯಬೇಕು. ಹೊಲಿದರೆ ಕಳಿಸಿಕೊಟ್ಟ ಹಾಗೆ. ಹೊಲಿಯದಿದ್ದರೆ ಅಳತೆಯಕ್ಕ ಬಂದು ಕೋಟು ಮಡಚಿಕೊಂಡು ಸುಮ್ಮನೆ ಹೋಗುತ್ತಾರೆ, ಆ ಮನೆಯ ಬಾಗಿಲಿಗೆ ಮತ್ತೆ ಬರುವುದಿಲ್ಲ. ನಮ್ಮ ಊರಿನಲ್ಲಿ 'ಅವರ ಮನೇಲಿ ಗುಂಡಿ ಹೊಲಿದರಂತೆ' ಅಂದರೆ ಸಾಕು, ಕೇಳಿದವರು ದನಿ ತಗ್ಗಿಸುತ್ತಾರೆ. ಕಣಿವೆಯವರನ್ನು ಯಾರಾದರೂ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ಒಬ್ಬೊಬ್ಬರ ಕೊರಳಲ್ಲಿ ಒಂದೊಂದು ಥರದ ಗುಂಡಿ. ಹಿತ್ತಾಳೆಯದು, ಮರದ್ದು, ಮಗುವಿನ ಅಂಗಿಯಿಂದ ಕಿತ್ತ ಹಳದಿಯದು.

ಗುಂಡಿ ಹೊಲಿಯುವುದೋ ಬೇಡವೋ ಅಂತ ಕೇಳಿಕೊಂಡು ತಾಯಂದಿರು ನನ್ನ ಹತ್ತಿರ ಬರುತ್ತಿದ್ದರು. ಕೋಟು ಹೊಲಿದವನಿಗೆ ಎಲ್ಲ ಗೊತ್ತಿರುತ್ತದೆ ಅಂತ ಅವರ ನಂಬಿಕೆ. ನನಗೋ ಬಿಟ್ಟಿ ಉಪದೇಶ ಅಂದರೆ ಹಬ್ಬ. ಹೋಗೋ ಮನಸ್ಸನ್ನ ಕಟ್ಟಿಹಾಕಿದ್ರೆ ಮನೇಲಿ ಉಳಿಯೋದು ಬರೀ ಮೈ ಕಣಮ್ಮ, ಹೊಲಿದುಬಿಡಿ, ಅಂತಿದ್ದೆ. ಈ ಮಾತು ನನಗೇ ಬಹಳ ಹಿಡಿಸಿತ್ತು. ಎಷ್ಟು ಮನೆಗೆ ಹೇಳಿದೆನೋ ಲೆಕ್ಕವಿಲ್ಲ. ಎದುರು ಸಾಲಿನ ಬೇಕರಿಯವನಿಗೂ ಅದನ್ನೇ ಹೇಳಿದ್ದೆ. ಅವನಿಗಿದ್ದವನು ಒಬ್ಬನೇ ಮಗ. ತೀರಿಕೊಂಡ ಹೆಂಡತಿಯ ಸ್ವೆಟರಿನಿಂದ ಕೆಂಪು ಗುಂಡಿ ಕಿತ್ತು, ಹಿಟ್ಟು ಮೆತ್ತಿದ ಕೈಯಲ್ಲೇ ಕೂತು ಹೊಲಿದ. ಎರಡು ವರ್ಷಕ್ಕೆ ಆ ಕೆಂಪು ಗುಂಡಿ ಒಂದು ಲಕೋಟೆಯಲ್ಲಿ ವಾಪಸ್ಸು ಬಂತು. ಸತ್ತವರ ಮನೆಗೆ ಕಣಿವೆಯವರು ಕಳಿಸುವುದು ಅಷ್ಟನ್ನೇ. ಬೇಕರಿಯವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮೊದಲಿನ ಹಾಗೇ ಬೆಳಗಿನ ಬ್ಯಾಚು ಇಳಿಸಿ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಾನೆ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈ ಸಲ ಅಳತೆಯಕ್ಕ ಬಂದಾಗ ಆರು ಚೀಟಿ ಬಂದವು. ನಾಲ್ಕನೆಯದನ್ನು ಓದಿಕೊಂಡು ಬಟ್ಟೆಯ ಮೇಲೆ ಗುರುತು ಹಾಕುತ್ತಿದ್ದೆ. ಹೆಣ್ಣಿನ ಅಳತೆ. ತೋಳು ಉದ್ದ, ಎದೆ ಸಣ್ಣ. ಎಡಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ನಾಲ್ಕು ವರ್ಷದ ಮಗು ನನ್ನ ಇದೇ ಮೇಜಿನ ಮೇಲೆ ಕುಣಿಯುತ್ತಾ ಜಾರಿ ಬಿದ್ದು, ಕತ್ತಿನ ಪಕ್ಕದ ಮೂಳೆ ಮುರಿದು, ಅದು ಸರಿಯಾಗಿ ಕೂಡಿಕೊಳ್ಳದೆ ಭುಜ ಅರ್ಧ ಇಂಚು ಇಳಿದೇ ಉಳಿದಿತ್ತು. ಹದಿನೆಂಟು ವರ್ಷ ಆ ಮೈಗೆ ಬಟ್ಟೆ ಹೊಲಿದವನು ನಾನೇ. ಹೆಸರು ಬೇರೆ ಬೇಕೇ ನನಗೆ?

ನಮ್ಮ ಮಗಳನ್ನು ನಾನು ಕರೆಯುವುದು ಸೂಜಿ ಅಂತ. ಸಣ್ಣಗೆ, ನೆಟ್ಟಗೆ, ಮಾತು ಕಡಿಮೆ, ಆಡಿದರೆ ಚುಚ್ಚುವುದೇ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಅವಳದು. ನನ್ನ ಕಣ್ಣು ಮಂದವಾದಾಗಿನಿಂದ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಂಗಡಿಗೆ ಬಂದು ಇಪ್ಪತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾಳೆ. ಹಾಗೆ ಬಂದ ಒಂದು ಬೆಳಿಗ್ಗೆಯೇ, ನಾನು ಅಂಗಡಿಗೆ ಬರುವ ಮೊದಲು, ಒಳಕೋಣೆಗೆ ಹೋಗಿ ಅಳತೆ ಕೊಟ್ಟಿರಬೇಕು. ಒಂಬತ್ತು ವರ್ಷದವಳಿದ್ದಾಗ ತಾಯಿಯ ಜೊತೆ ಬಸ್ಸಿನಲ್ಲಿ ಬರುವಾಗ ಕಣಿವೆಯಲ್ಲಿ ಗುಂಡಿನ ಸದ್ದಾಗಿ ಬಸ್ಸು ನಿಂತಿತ್ತಂತೆ. ಪಡೆಯ ಹೆಂಗಸೊಬ್ಬಳು ಮೂರು ಗಂಟೆ ಹೊತ್ತು ಬಸ್ಸಿನ ಬಾಗಿಲಿಗೆ ಅಡ್ಡ ನಿಂತೇ ಇದ್ದಳಂತೆ, ಒಮ್ಮೆಯೂ ಕೂರಲಿಲ್ಲವಂತೆ. ಮನೆಗೆ ಬಂದ ಮೇಲೆ ಮಗಳು ಒಂದು ವಾರ ಬಾಗಿಲಲ್ಲಿ ನಿಂತುಕೊಂಡೇ ಊಟ ಮಾಡಿದ್ದಳು. ನಾವು ನಕ್ಕಿದ್ದೆವು. ಮಕ್ಕಳಾಟ ಅಂದುಕೊಂಡೆವು.

ಚೀಟಿ ಜೇಬಿಗೆ ಹಾಕಿಕೊಂಡು ಮಧ್ಯಾಹ್ನವೇ ಮನೆಗೆ ಹೋದೆ. ಅವಳು ಬಂದ ಮೇಲೆ ಕೂಗಾಡಿದೆ. ನಿನಗೇನು ಕಡಿಮೆಯಾಗಿದೆ ಅಂದೆ, ಮದುವೆ ಬೇಡವಾದರೆ ಬೇಡ, ಮನೆಯಲ್ಲಿರು ಅಂದೆ, ಬೇಕರಿಯವನ ಮುಖ ನೋಡಿದ್ದೀಯಾ ಅಂದೆ. ಅವಳು ಎಲ್ಲ ಕೇಳಿಸಿಕೊಂಡಳು. ನಿಮ್ಮ ಮೇಲೆ ಬೇಜಾರಾಗಿ ಹೋಗ್ತಿಲ್ಲ, ಆ ಬಾಗಿಲಲ್ಲಿ ಯಾರಾದರೂ ನಿಲ್ಲಬೇಕಲ್ಲ, ಅಷ್ಟೇ, ಅಂದಳು. ನನ್ನ ಹೆಂಡತಿ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಮಾತಾಡಿದಳು.

"ಊರವರ ಮಕ್ಕಳಿಗೆಲ್ಲ ಸಲೀಸಾಗಿ ಹೊಲಿದು ಕಳಿಸಿದ್ರಲ್ಲ. ನಮ್ಮನೆ ಸೂಜಿ ಈಗ ನಮಗೇ ಚುಚ್ತು ನೋಡಿ."

ನನಗೆ ಸಿಟ್ಟು ನೆತ್ತಿಗೇರಿತು. "ಆರು ಗುಂಡಿ ಹೊಲಿಯೋದು ನನ್ನ ಕಸುಬು, ಹೊಲೀತೀನಿ. ಏಳನೇದು ನಾನೂ ಹೊಲಿಯಲ್ಲ, ನಿಮ್ಮಮ್ಮನೂ ಹೊಲಿಯಲ್ಲ. ಮೂವತ್ತು ದಿನ ಗೂಟದಲ್ಲಿ ನೇತಾಡ್ಲಿ ಕೋಟು."

"ಆಯ್ತಪ್ಪ," ಅಂದಳು ಮಗಳು.

ಅಷ್ಟೇ. ಅತ್ತು ಕರೆದು ರಂಪ ಮಾಡಿದ್ದರೆ ನಾನೂ ಜೋರು ಮಾಡಬಹುದಿತ್ತು. ಆಯ್ತಪ್ಪ ಅಂದವಳ ಹತ್ತಿರ ಜಗಳ ಆಡುವುದು ಹೇಗೆ? ಕೋಟು ಹೊಲಿದು ಮನೆಯ ಗೋಡೆಗೆ ನೇತುಹಾಕಿದೆ. ನಾವು ಮೂವರೂ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆವು, ಮನೆಗೆ ನಾಲ್ಕನೆಯವರೊಬ್ಬರು ಬಂದು ಮಾತಿಲ್ಲದೆ ನಿಂತ ಹಾಗಿತ್ತು. ಅವಳು ಒಂದು ದಿನವೂ ಗುಂಡಿಯ ಮಾತೆತ್ತಲಿಲ್ಲ. ಆದರೆ ನಗುವುದು ನಿಂತುಹೋಯಿತು. ಬೆಳಿಗ್ಗೆ ಬಂದು ಇಪ್ಪತ್ತು ಸೂಜಿ ಪೋಣಿಸುವುದನ್ನು ಮಾತ್ರ ತಪ್ಪಿಸಲಿಲ್ಲ. ನಾನು ದಿನ ಎಣಿಸುತ್ತಿದ್ದೆ. ಹತ್ತು ಕಳೆಯಿತು, ಇಪ್ಪತ್ತು ಕಳೆಯಿತು. ಇನ್ನೇನು, ಗೆದ್ದೆ ಅಂದುಕೊಂಡೆ.

ಅದೇ ಹೊತ್ತಿಗೆ ಪೇಟೆಯ ದೊಡ್ಡ ಹೋಟೆಲಿನಿಂದ ಬಾಗಿಲು ಕಾಯುವವರಿಗೆ ಎಂಟು ಕೋಟು ಬೇಕು ಅಂತ ಹೇಳಿಕಳಿಸಿದ್ದರು. ಕಣಿವೆಯವರ ಥಾನಿನಲ್ಲಿ ಕಪ್ಪು ಬಟ್ಟೆ ಮಿಕ್ಕಿತ್ತು, ಅದರಲ್ಲೇ ಕತ್ತರಿಸಿದೆ. ಗುಂಡಿಯೂ ಅದೇ ಡಬ್ಬಿಯದು. ನನ್ನ ಜುಗ್ಗತನಕ್ಕೆ ನನ್ನ ಹೆಂಡತಿ ಯಾವಾಗಲೂ ಬೈಯುತ್ತಾಳೆ, ಆವತ್ತು ಅವಳು ಹೇಳಿದ್ದು ಕೇಳಬೇಕಿತ್ತು. ಕೊರಳಪಟ್ಟಿಗೆ ಬಿಸಿ ಇಸ್ತ್ರಿ ಒತ್ತಿದರೆ ಮೇಲಿನ ಗುಂಡಿ ಸೀಳುತ್ತದೆ. ಅದಕ್ಕೇ ಆ ಒಂದು ಗುಂಡಿ ಬಿಟ್ಟು ಮಿಕ್ಕಿದ್ದೆಲ್ಲ ಹೊಲಿದು, ಇಸ್ತ್ರಿ ಮಾಡಿ, ಕೊನೆಗೆ ಅದನ್ನು ಹೊಲಿಯುವುದು ನನ್ನ ಪದ್ಧತಿ. ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಮೇಜಿನ ಮೇಲೆ ಇಸ್ತ್ರಿಯಾದ ಕೋಟುಗಳ ರಾಶಿ ಇತ್ತು, ಎಲ್ಲದಕ್ಕೂ ಕೊರಳ ಗುಂಡಿ ಬಾಕಿ.

ಬೇಕರಿಯವನು ಬಂದು ಸ್ಟೂಲಿನ ಮೇಲೆ ಕೂತ. ನಾನು ಒಂದೊಂದೇ ಕೋಟು ತೊಡೆಯ ಮೇಲೆ ಎಳೆದುಕೊಂಡು ಗುಂಡಿ ಹಾಕುತ್ತಾ ಮಾತಾಡುತ್ತಿದ್ದೆ. ಮಾತೆಲ್ಲ ಮಗಳದೇ. ಇನ್ನೆರಡು ದಿನ, ಆಮೇಲೆ ಅಳತೆಯಕ್ಕ ಬಂದು ಕೋಟು ತಗೊಂಡು ಹೋಗ್ತಾರೆ ಅಂದೆ. ನನ್ನ ಮಗಳ ಕೋಟಿಗೆ ನಾನು ಗುಂಡಿ ಹೊಲಿಯೋದಾ, ನನ್ನ ಕೈ ಬಿದ್ದುಹೋದರೂ ಇಲ್ಲ ಅಂದೆ. ಅವನು ಮೆಲ್ಲಗೆ ಹೇಳಿದ.

"ಅವತ್ತು ನಂಗೆ ಹೊಲಿ ಅಂದಾಗ ಇದು ಇಷ್ಟು ಕಷ್ಟ ಅಂತ ನಿಂಗೆ ಗೊತ್ತಿರ್ಲಿಲ್ಲ ಬಿಡು. ಗೊತ್ತಿದ್ದಿದ್ರೆ ಹೇಳ್ತಿರ್ಲಿಲ್ಲ."

ಅವನು ನನ್ನನ್ನು ಕ್ಷಮಿಸಿಬಿಟ್ಟಿದ್ದ. ನನಗೆ ಕಣ್ಣು ತುಂಬಿ ಬಂತು. ತಲೆ ಬಗ್ಗಿಸಿಕೊಂಡು ಹೊಲಿದೆ. ಕೈ ಅದರ ಪಾಡಿಗೆ ಅದು ಮಾಡುತ್ತಿತ್ತು, ಕಾಜಕ್ಕೆ ಎದುರು ಗುರುತು, ನಾಲ್ಕು ಸಲ ಮೇಲೆ ಕೆಳಗೆ, ಬುಡಕ್ಕೆ ನಾಲ್ಕು ಸುತ್ತು, ಗಂಟು, ಹಲ್ಲಿನಿಂದ ದಾರ ಕತ್ತರಿಸುವುದು. ರಾಶಿ ಮುಗಿಯಿತು. ಬೇಕರಿಯವನು ಎದ್ದು ಹೋದ.

ಮಧ್ಯಾಹ್ನ ಊಟದ ಬಿಡುವಿಗೆ ಮಗಳು ಬಂದಳು. ಆ ಹೊತ್ತಿಗೆ ಅವಳು ಬರುವವಳಲ್ಲ. ಏನೋ ಹೇಳಲು ಬಂದವಳ ಹಾಗೆ ಬಾಗಿಲಲ್ಲಿ ನಿಂತು, ಮೇಜಿನ ಕಡೆ ನೋಡಿ, ಆ ರಾಶಿಯಿಂದ ಒಂದು ಕೋಟು ಎಳೆದಳು. ಎಡಭುಜ ಅರ್ಧ ಇಂಚು ಇಳಿದ ಕೋಟು. ಕೊರಳು ನೋಡಿದಳು. ಮತ್ತೆ ಮತ್ತೆ ಬೆರಳಾಡಿಸಿ ನೋಡಿದಳು.

"ಅಪ್ಪಾ, ನೀನೇ ಹೊಲಿದ್ಯಾ?"

ರಾಶಿಯಲ್ಲಿ ಒಂಬತ್ತು ಕೋಟುಗಳಿದ್ದವು. ನನಗೆ ಆಗಲೇ ತಿಳಿದದ್ದು. ಮನೆಯ ಗೋಡೆಯಲ್ಲಿದ್ದ ಕೋಟು ಇಲ್ಲಿಗೆ ಹೇಗೆ ಬಂತು ಅಂತ ಯೋಚಿಸಿದೆ. ಕಣ್ಣೆದುರು ಇರುವುದು ಬೇಡ ಅಂತ ಇವಳಮ್ಮನೇ ತಂದು ಇಟ್ಟಿರಬೇಕು ಅನ್ನಿಸಿತು. ಕತ್ತರಿ ಕೈಗೆ ಸಿಗುವಷ್ಟು ದೂರದಲ್ಲೇ ಇತ್ತು. ನಾಲ್ಕು ಎಳೆ ದಾರ, ಒಂದೇ ಏಟಿಗೆ ಕತ್ತರಿಸಬಹುದಿತ್ತು. ತಪ್ಪಾಯ್ತು ಮಗಳೇ, ನೋಡದೆ ಹೊಲಿದೆ, ಅಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವಳು ಬಂದು ನನ್ನ ಭುಜಕ್ಕೆ ಮುಖ ಒತ್ತಿ ಅತ್ತಳು. ಅತ್ತು ತಲೆ ಎತ್ತಿದಾಗ ನಗುತ್ತಿದ್ದಳು. ಇಪ್ಪತ್ತೆಂಟು ದಿನ ಆಗಿತ್ತು ನಾನು ಆ ನಗು ನೋಡಿ. ಎಷ್ಟು ಹಸಿದಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

"ಹೂಂ," ಅಂದೆ. "ಈಗಷ್ಟೇ."

ಸಂಜೆ ಅವಳಮ್ಮ ಕೋಟು ತಿರುಗಿಸಿ ನೋಡಿದಳು. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದರೆ ನಿಜ ಹೇಳಿಬಿಡೋಣ ಅಂತಲೂ ಇದ್ದೆ. ಅವಳು ನನ್ನ ಪಕ್ಕ ಕೂತು, ಒಳ್ಳೇದು ಮಾಡಿದ್ರಿ, ನನಗೆ ಅಷ್ಟು ಧೈರ್ಯ ಇರಲಿಲ್ಲ, ಅಂದಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಆ ಹೊಗಳಿಕೆಯ ಮುಂದೆ ನನ್ನ ನಿಜ ಒಳಗೇ ಉಳಿಯಿತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನವೂ ಮಗಳು ನಗುತ್ತಲೇ ಇದ್ದಳು, ಹಾಗೇ ಆ ದಿನವೂ ಹೋಯಿತು.

ಮೂವತ್ತನೆಯ ದಿನ ಬೆಳಿಗ್ಗೆ ಅಳತೆಯಕ್ಕ ಮನೆಗೆ ಬಂದರು. ಕಿಟಕಿಯ ಹತ್ತಿರ ಕೋಟು ಹಿಡಿದು ಬಹಳ ಹೊತ್ತು ನೋಡಿದರು. ಗುಂಡಿಯನ್ನು ಬೆರಳಿನಿಂದ ಅಲ್ಲಾಡಿಸಿದರು. ಆಮೇಲೆ ಮಗಳನ್ನೂ ಅವಳಮ್ಮನನ್ನೂ ಹೊರಗೆ ಕಳಿಸಿ ನನ್ನ ಎದುರು ಕೂತರು. ನಲವತ್ತು ವರ್ಷದಿಂದ ಏಳನೆಯ ಗುಂಡಿ ನೋಡುತ್ತಿದ್ದೇನೆ, ಯಾವ ಮನೆಯವರೂ ಮಿಕ್ಕ ಆರಕ್ಕೆ ಹೊಂದುವ ಗುಂಡಿ ಹಾಕಿದ್ದಿಲ್ಲ, ಬೇಕಂತಲೇ ಬೇರೆಯದನ್ನು ಹುಡುಕಿ ಹಾಕುತ್ತಾರೆ, ಅಂದರು. ಮನೆಯವರ ಹೊಲಿಗೆ ಸೊಟ್ಟಗಿರುತ್ತದೆ, ಬಿಚ್ಚಿ ಮತ್ತೆ ಹೊಲಿದ ಗುರುತಿರುತ್ತದೆ, ಇದು ಹೋಟೆಲಿನವರ ಕೋಟಿಗೆ ಹೊಲಿದ ಹಾಗಿದೆ, ಅಂದರು.

"ಟೇಲರಣ್ಣ, ಗೊತ್ತಿದ್ದೇ ಹೊಲಿದ್ರಾ? ಇಲ್ಲ ಅಂದ್ರೆ ಇಲ್ಲ ಅನ್ನಿ. ನಾನು ಬಿಚ್ಚಿ ತಗೊಂಡು ಹೋಗ್ತೀನಿ. ಅವಳಿಗೆ ನಾನೇ ಹೇಳ್ತೀನಿ, ನಿಮ್ಮ ಮೇಲೆ ಏನೂ ಬರಲ್ಲ."

ಇದಕ್ಕಿಂತ ಸುಲಭ ಮಾಡಿ ಯಾರು ಕೇಳುತ್ತಾರೆ? ಕಿಟಕಿಯಾಚೆ ಅಮ್ಮ ಮಗಳು ಒಂದೇ ಮೆಟ್ಟಿಲ ಮೇಲೆ ಕೂತಿದ್ದರು. ಮಗಳು ಏನೋ ಹೇಳಿ ನಕ್ಕಳು, ತಾಯಿ ಅವಳ ತಲೆಗೆ ಮೊಟಕಿದಳು. ಬಿಚ್ಚಿಸಿದರೆ ಅವಳು ಇಲ್ಲೇ ಇರುತ್ತಾಳೆ, ಮತ್ತೆ ಆಯ್ತಪ್ಪ ಅನ್ನುತ್ತಾಳೆ, ಬದುಕಿಡೀ ಹೀಗೆ ನಗುವುದಿಲ್ಲ. ಅವಳ ಆಸೆ ಅಷ್ಟು ದೊಡ್ಡದು, ಅದಕ್ಕೆ ಅಡ್ಡ ನಿಂತ ಅಪ್ಪನಾಗಿ ಉಳಿಯುವುದು ನನ್ನಿಂದ ಆಗದು. ಹಾಗಂತ ಅಂದುಕೊಂಡೆ. ಎದೆ ಕಲ್ಲು ಮಾಡಿಕೊಂಡೆ.

"ಗೊತ್ತಿದ್ದೇ ಹೊಲಿದೆ," ಅಂದೆ.

ಅಳತೆಯಕ್ಕ ಕೋಟು ನನ್ನ ಕೈಗೆ ಕೊಟ್ಟು ಎದ್ದರು. ನಿಮ್ಮ ಮಾತೇ ಮಾತು ಅಂದರು.

ಹನ್ನೊಂದು ಗಂಟೆಯ ಬಸ್ಸು. ನಿಲ್ದಾಣಕ್ಕೆ ನಾವು ಮೂವರೂ ನಡೆದೇ ಹೋದೆವು. ಕೋಟು ಅವಳಿಗೆ ಒಂದು ಎಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಕೂತಿತ್ತು. ಎದುರು ಬಂದವರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಅಳತೆಯಕ್ಕ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಅವಳಮ್ಮ ಬೇಕರಿಯ ಬನ್ನಿನ ಪೊಟ್ಟಣ ಕೊಟ್ಟು, ಹೊಟ್ಟೆ ಹಸಿದುಕೊಂಡಿರಬೇಡ ಅಂತ ಹತ್ತು ಸಲ ಹೇಳಿದಳು. ಮಗಳು ಹತ್ತಿ ಕಿಟಕಿ ಪಕ್ಕ ಕೂತು ನನ್ನನ್ನು ಹತ್ತಿರ ಕರೆದಳು. ಕಂಬಿ ಹಿಡಿದು ಕಿವಿ ಕೊಟ್ಟೆ.

"ಅಪ್ಪಾ, ಒಂದು ವಿಷಯ ಹೇಳ್ಲಿಲ್ಲ ನಿಂಗೆ. ಅವತ್ತು ಬೆಳಿಗ್ಗೆ ಸೂಜಿ ಪೋಣಿಸೋಕೆ ಬಂದಾಗ ಕೋಟು ತಂದು ಮೇಜಿನ ಮೇಲಿಟ್ಟಿದ್ದು ನಾನೇ. ವಾಪಸ್ ಕೊಡೋಣ ಅಂತ. ನಿಮ್ಮಿಬ್ಬರನ್ನ ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ. ಒಂದು ವಾರ ಯೋಚನೆ ಮಾಡಿದ್ದೆ, ಇಲ್ಲೇ ಇದ್ದುಬಿಡೋಣ, ಅದೂ ಒಂದು ಬದುಕೇ ಅಂತ. ನಿಜವಾಗ್ಲೂ ಖುಷಿಯಾಗೇ ಇತ್ತು. ಮಧ್ಯಾಹ್ನ ಅದನ್ನ ಹೇಳೋಕೇ ಬಂದಿದ್ದು. ನೋಡಿದ್ರೆ ನೀನು ಹೊಲಿದುಬಿಟ್ಟಿದ್ದೆ." ಅವಳು ನನ್ನ ಕೈ ಮೇಲೆ ಕೈ ಇಟ್ಟಳು. "ನಿನ್ನಂಥವನೇ ಇಷ್ಟು ಗಟ್ಟಿ ಮನಸ್ಸು ಮಾಡಿರುವಾಗ ನಾನು ಹಿಂದೆ ಸರಿದ್ರೆ ಏನು ಚೆನ್ನ ಹೇಳು? ಅದಕ್ಕೇ ಹೊರಟೆ."

ಕಂಡಕ್ಟರು ಸೀಟಿ ಊದಿದ. ಕಂಬಿ ನನ್ನ ಕೈಯಿಂದ ಜಾರಿತು. ಅದು ತಪ್ಪು ಕಣೇ, ನಾನು ನೋಡದೆ ಹೊಲಿದದ್ದು, ಇಳಿದು ಬಾ ಮಗಳೇ, ಇಳಿದು ಬಾ ಅಂದೆ. ಬಸ್ಸಿನ ಪಕ್ಕ ಓಡಿದೆ. ಅವಳು ನಗುತ್ತಾ ಕೈ ಬೀಸುತ್ತಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಅವಳಮ್ಮ ಹಿಂದಿನಿಂದ ಬಂದು ನನ್ನ ತೋಳು ಹಿಡಿದುಕೊಂಡಳು. ಇಬ್ಬರೂ ಧೂಳಿನಲ್ಲಿ ನಿಂತೆವು.

"ಒಂದು ಮಾತೂ ಆಡ್ದೆ ಕಳಿಸಿಬಿಟ್ರಲ್ಲ," ಅಂದಳು. "ಸುಮ್ಮನೆ ಬಾಯಿ ಬಿಟ್ಕೊಂಡು ಓಡಿದ್ರಿ, ದನಿನೇ ಬರ್ಲಿಲ್ಲ. ಹೋಗಿ ಬಾ ಅಂತನಾದ್ರೂ ಅನ್ಬಾರ್ದಿತ್ತಾ?"